ಆಟದ ಪೆಟ್ಟಿಗೆಯ ಬಿಸಿಗೆ ಬೆಲೆ ತೆರುವವರು ಯಾರು?

2007ರ ಜುಲೈ 5ರಂದು ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿತು. ತನ್ನ ಎಕ್ಸ್‌ಬಾಕ್ಸ್ 360 ಎಂಬ ವಿಡಿಯೊ ಗೇಮ್ ಕನ್ಸೋಲ್‌ನ ಗುಂಡಿಯ ಸುತ್ತ ಮೂರು ಕೆಂಪು ದೀಪಗಳು ಮಿನುಗಿ ಯಂತ್ರ ನಿಷ್ಕ್ರಿಯವಾಗುವ ದೋಷಕ್ಕೆ ಸಂಬಂಧಿಸಿದಂತೆ ವಾರಂಟಿಯನ್ನು ಮೂರು ವರ್ಷಗಳಿಗೆ ವಿಸ್ತರಿಸಿರುವುದಾಗಿಯೂ, ಇದಕ್ಕಾಗಿ 105 ಕೋಟಿಯಿಂದ 115 ಕೋಟಿ ಡಾಲರ್‌ವರೆಗಿನ ಮೊತ್ತವನ್ನು ಲೆಕ್ಕಪತ್ರದಲ್ಲಿ ವೆಚ್ಚವಾಗಿ ತೋರಿಸುವುದಾಗಿಯೂ ಅದು ತಿಳಿಸಿತು. ಒಂದು ಕಂಪನಿ ತಾನು ಮಾರಿದ ಆಟದ ಸಾಮಾನಿನ ದುರಸ್ತಿಗೆ ನೂರು ಕೋಟಿ ಡಾಲರ್ ಮೀರಿದ ಹಣವನ್ನು ಎತ್ತಿಡಬೇಕಾಗಿ ಬಂದದ್ದು ವ್ಯಾಪಾರದ ಇತಿಹಾಸದಲ್ಲಿ ಸಣ್ಣ ಘಟನೆಯಲ್ಲ. ಅದರ ಮೂಲದಲ್ಲಿದ್ದದ್ದು ಯಾವ ನಿಗೂಢ ತಾಂತ್ರಿಕ ಸಮಸ್ಯೆಯೂ ಅಲ್ಲ, ಬಿಸಿ. ಪೆಟ್ಟಿಗೆಯೊಳಗೆ ಹುಟ್ಟಿದ ಶಾಖ ಸಕಾಲದಲ್ಲಿ, ಸಮರ್ಪಕವಾಗಿ ಹೊರಹೋಗಲಿಲ್ಲ.

ಇಂತಹ ಪೆಟ್ಟಿಗೆಗಳು ಇಂದು ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಅಪರಿಚಿತವಲ್ಲ. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 5, 2021ರ ಫೆಬ್ರುವರಿ 2ರಂದು ಭಾರತದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 49,990 ರೂಪಾಯಿ. ಹೆತ್ತವರಿಗೆ ಸಾಮಾನ್ಯವಾಗಿ ಅದರ ಬಗ್ಗೆ ಗೊತ್ತಿರುವುದು ಎರಡೇ ಸಂಗತಿ: ಕೊಟ್ಟ ಬೆಲೆ, ಮತ್ತು ಪರೀಕ್ಷೆ ಸಮೀಪಿಸಿದಾಗ ಅದನ್ನು ಯಾವ ಬೀರುವಿನಲ್ಲಿ ಬಚ್ಚಿಡಬೇಕೆಂಬುದು. ಅದರೊಳಗೆ ಏನು ನಡೆಯುತ್ತದೆ, ಅದನ್ನು ಬಿಚ್ಚಿ ನೋಡುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಗಳನ್ನು ನಾವು ಕೇಳಿಕೊಂಡಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಈ ಪ್ರಶ್ನೆಯನ್ನು ಮೊದಲು ಎತ್ತಿದವರು ವಕೀಲರೂ ಅಲ್ಲ, ಅರ್ಥಶಾಸ್ತ್ರಜ್ಞರೂ ಅಲ್ಲ. ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆ ಬಿಚ್ಚಿ, ಅದರೊಳಗೆ ತಾಮ್ರದ ತುಂಡು, ರಬ್ಬರ್ ನಳಿಕೆ, ಪುಟ್ಟ ಪಂಪ್ ಜೋಡಿಸಿ, ನೀರು ಹರಿಸಿ ತಂಪು ಮಾಡಿದ ಹವ್ಯಾಸಿಗಳು. ವಿಸ್ಕಾನ್ಸಿನ್‌ನ ಬೆನ್ ಹೆಕೆಂಡಾರ್ನ್ 2006ರಲ್ಲಿ ಎಕ್ಸ್‌ಬಾಕ್ಸ್ 360 ಅನ್ನು ಮಡಚುವ ಲ್ಯಾಪ್‌ಟಾಪ್ ರೂಪಕ್ಕೆ ಇಳಿಸಿದಾಗ ಅದನ್ನು ತಂಪಾಗಿಡಲು ಆರಿಸಿಕೊಂಡದ್ದು ನೀರನ್ನೇ. ಕಂಪನಿ ಬಾಯಿ ಬಿಡುವ ಮೊದಲೇ ಈ ಜನರಿಗೆ ರೋಗದ ಮೂಲ ತಕ್ಕಮಟ್ಟಿಗೆ ಗೊತ್ತಾಗಿತ್ತು.

ವಿದ್ಯುತ್ ಉಪಕರಣಕ್ಕೂ ನೀರಿಗೂ ಆಗಿಬರುವುದಿಲ್ಲವೆಂದು ಬಾಲ್ಯದಿಂದ ಕೇಳುತ್ತ ಬಂದ ನಮಗೆ ಇದು ಹುಚ್ಚು ಸಾಹಸವೆನಿಸುವುದು ಸಹಜ. ಆದರೆ ಇದರ ಹಿಂದಿನ ಲೆಕ್ಕ ಸರಳವಾದದ್ದು. ಇಂದಿನ ಒಂದು ಕನ್ಸೋಲ್ ಆಟ ನಡೆಯುತ್ತಿರುವಾಗ ಸುಮಾರು 200 ವ್ಯಾಟ್ ವಿದ್ಯುತ್ ಬಳಸುತ್ತದೆ. ಆ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಪೆಟ್ಟಿಗೆಯನ್ನು ಪ್ರವೇಶಿಸಿದ ಗಾಳಿ ಹತ್ತು ಡಿಗ್ರಿಯಷ್ಟು ಬಿಸಿಯಾಗಿ ಹೊರಹೋಗುತ್ತದೆ ಎಂದಿಟ್ಟುಕೊಂಡರೆ, ಈ ಶಾಖವನ್ನು ಹೊತ್ತೊಯ್ಯಲು ನಿಮಿಷಕ್ಕೆ ಸುಮಾರು ಒಂದು ಸಾವಿರ ಲೀಟರ್ ಗಾಳಿ ಬೇಕು. ಅದೇ ಕೆಲಸಕ್ಕೆ ನೀರಾದರೆ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ಸಾಕು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ನೀರು ಗಾಳಿಗಿಂತ ಸುಮಾರು 3,500 ಪಟ್ಟು ಹೆಚ್ಚು ಶಾಖವನ್ನು ಹೊರಬಲ್ಲದು. ಬುಲೆಟ್ ಮೋಟಾರ್ ಸೈಕಲ್ಲಿನ ಎಂಜಿನ್ನಿಗೆ ಲೋಹದ ರೆಕ್ಕೆಗಳೂ ಕಾರಿನ ಎಂಜಿನ್ನಿಗೆ ರೇಡಿಯೇಟರೂ ಇರುವುದು ಈ ವ್ಯತ್ಯಾಸದಿಂದಲೇ. ಹಳೆಯ ಪ್ರೀಮಿಯರ್ ಪದ್ಮಿನಿಯಲ್ಲಿ ಆಗುಂಬೆ ಘಾಟಿ ಹತ್ತಿ, ಬಾನೆಟ್ ಎತ್ತಿ, ನೀರು ಆರುವವರೆಗೆ ರಸ್ತೆ ಬದಿಯಲ್ಲಿ ಕಾದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ನೀರು ಶಾಖವನ್ನು ನಾಶ ಮಾಡುವುದಿಲ್ಲ, ಸಾಗಿಸುತ್ತದೆ ಅಷ್ಟೆ. ಚಿಪ್ಪಿನ ಮೇಲೆ ಕೂರಿಸಿದ ತಾಮ್ರದ ಬಿಲ್ಲೆಯಲ್ಲಿ ಬಿಸಿಯಾದ ನೀರು ನಳಿಕೆಯ ಮೂಲಕ ಪೆಟ್ಟಿಗೆಯ ಹೊರಗಿರುವ ರೇಡಿಯೇಟರಿಗೆ ಬಂದು, ಅಲ್ಲಿ ಫ್ಯಾನಿನ ಗಾಳಿಗೆ ಆರಿ ಮರಳಿ ಹೋಗುತ್ತದೆ. ಅಂತಿಮವಾಗಿ ಆ 200 ವ್ಯಾಟ್ ಶಾಖ ನಮ್ಮ ಕೋಣೆಯ ಗಾಳಿಗೇ ಸೇರುತ್ತದೆ. ಮಡಕೆಯ ನೀರು ತಣ್ಣಗಾಗುವುದು ಆವಿಯಾಗುವಿಕೆಯಿಂದ; ಇಲ್ಲಿ ಆ ಸೌಲಭ್ಯವಿಲ್ಲ. ಆದ್ದರಿಂದ ಕೋಣೆಯ ಉಷ್ಣತೆಗಿಂತ ಕೆಳಗೆ ಈ ನೀರು ಎಂದಿಗೂ ಇಳಿಯದು. ಲಾಭವಿರುವುದು ಜಾಗದಲ್ಲಿ. ಇಕ್ಕಟ್ಟಾದ ಪೆಟ್ಟಿಗೆಯೊಳಗೆ ಮಾಡಲಾಗದ ಕೆಲಸವನ್ನು ಹೊರಗೆ, ವಿಶಾಲವಾದ ಮೇಲ್ಮೈಯಲ್ಲಿ, ನಿಧಾನವಾಗಿ ತಿರುಗುವ ಫ್ಯಾನಿನಿಂದ ಸದ್ದಿಲ್ಲದೆ ಮಾಡಬಹುದು.

ಎಕ್ಸ್‌ಬಾಕ್ಸ್ 360ರಲ್ಲಿ ಈ ಇಕ್ಕಟ್ಟೇ ನಿರ್ಣಾಯಕವಾಗಿತ್ತು. ಸೋನಿಯ ಪ್ಲೇಸ್ಟೇಷನ್ 3 ಮಾರುಕಟ್ಟೆಗೆ ಬಂದದ್ದು 2006ರ ನವೆಂಬರಿನಲ್ಲಿ. ಮೈಕ್ರೋಸಾಫ್ಟ್ ಅದಕ್ಕಿಂತ ಒಂದು ವರ್ಷ ಮುಂಚಿತವಾಗಿ, 2005ರ ನವೆಂಬರ್ 22ರಂದೇ ತನ್ನ ಯಂತ್ರವನ್ನು ಅಮೆರಿಕದ ಅಂಗಡಿಗಳಲ್ಲಿರಿಸಿತು. ಅದರ ಚಿತ್ರ ಸಂಸ್ಕರಣೆಯ ಚಿಪ್ಪು ಡಿವಿಡಿ ಡ್ರೈವ್‌ನ ಕೆಳಗೆ ಸಿಕ್ಕಿಕೊಂಡಿತ್ತು. ಆದ್ದರಿಂದ ಆ ಚಿಪ್ಪಿನ ಮೇಲೆ ಎತ್ತರದ ಹೀಟ್‌ಸಿಂಕ್ ಇಡಲು ಜಾಗವೇ ಇರಲಿಲ್ಲ. ತಗ್ಗಾದ, ಸಣ್ಣ ಲೋಹದ ತುಂಡೊಂದನ್ನು ಕೂರಿಸಿ ಕೈತೊಳೆದುಕೊಳ್ಳಲಾಯಿತು. ಹವ್ಯಾಸಿಗಳಿಗೆ ನೀರು ಆಕರ್ಷಕವಾಗಿ ಕಂಡದ್ದರ ಕಾರಣವೂ ಇದೇ. ನೀರು ಹರಿಯುವ ತಾಮ್ರದ ಬಿಲ್ಲೆ ಚಪ್ಪಟೆಯಾಗಿರುತ್ತದೆ, ಡಿವಿಡಿ ಡ್ರೈವ್‌ನ ಕೆಳಗಿನ ಸಂದಿಯಲ್ಲಿ ಸಲೀಸಾಗಿ ಕೂರುತ್ತದೆ. ಇದು ತೋರಿಕೆಯ ಮೋಜಲ್ಲ. ವಿನ್ಯಾಸದ ಲೋಪವೊಂದನ್ನು ಪತ್ತೆಹಚ್ಚಿ ಕೊಟ್ಟ ಉತ್ತರ.

ಚಿಪ್ಪು ಬಿಸಿಯಾದರೆ ಆಗುವುದೇನು? ಸುಟ್ಟುಹೋಗುವುದು ಅಪರೂಪ. ಯಂತ್ರ ಹಾಕಿದಾಗ ಚಿಪ್ಪೂ ಅದರ ಕೆಳಗಿನ ಹಲಗೆಯೂ ಹಿಗ್ಗುತ್ತವೆ, ಆರಿಸಿದಾಗ ಕುಗ್ಗುತ್ತವೆ. ಎರಡೂ ಒಂದೇ ಪ್ರಮಾಣದಲ್ಲಿ ಅಲ್ಲ. ಅವುಗಳ ನಡುವಿನ ಸಾಸಿವೆ ಕಾಳಿಗಿಂತ ಚಿಕ್ಕದಾದ ಬೆಸುಗೆಯ ಬಿಂದುಗಳು ಈ ಎಳೆದಾಟವನ್ನು ನೂರಾರು ಸಲ ಸಹಿಸಿ ಕೊನೆಗೊಂದು ದಿನ ಬಿರುಕು ಬಿಡುತ್ತವೆ. ಮೈಕ್ರೋಸಾಫ್ಟ್ 2021ರ ಡಿಸೆಂಬರಿನಲ್ಲಿ ಎಕ್ಸ್‌ಬಾಕ್ಸ್ ಕುರಿತು ತಾನೇ ಬಿಡುಗಡೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಅಂದಿನ ಯಂತ್ರಾಂಶ ವಿಭಾಗದ ಮುಖ್ಯಸ್ಥರು ಇದನ್ನು ಒಪ್ಪಿಕೊಂಡರು. ಯಂತ್ರವನ್ನು ಹಾಕುವ, ಆರಿಸುವ ಕ್ರಿಯೆಯ ಉಷ್ಣ ಒತ್ತಡದಿಂದ ಒಳಗಿನ ಸಂಪರ್ಕಗಳು ಮುರಿಯುತ್ತಿದ್ದವು ಎಂಬುದು ಅವರ ವಿವರಣೆಯ ಸಾರ. ಗ್ರಾಹಕರಿಗೆ ಈ ವಿವರಣೆ ಸಿಕ್ಕಿದ್ದು ಯಂತ್ರ ಮಾರಾಟಕ್ಕೆ ಬಂದ ಹದಿನಾರು ವರ್ಷಗಳ ನಂತರ. ಅದೇ ಸಂದರ್ಭದಲ್ಲಿ ಕಂಪನಿ ಆ ಕೆಂಪು ದೀಪಗಳ ಭಿತ್ತಿಚಿತ್ರವನ್ನೂ ಮಾರಾಟಕ್ಕಿಟ್ಟಿತು. ತನ್ನ ಲೋಪವನ್ನೇ ಸ್ಮರಣಿಕೆಯಾಗಿ ಮಾರುವ ಈ ಜಾಣ್ಮೆಗೆ ಏನೆನ್ನಬೇಕೋ ತಿಳಿಯದು.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧ ನೆನಪಾಗದಿರದು. ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಮಾರುವವನಿಗೆ ಸರಕಿನ ಗುಣ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದನ್ನು ಅವರು ತೋರಿಸಿದರು. 2001ರಲ್ಲಿ ಅವರು ನೊಬೆಲ್ ಪುರಸ್ಕಾರ ಹಂಚಿಕೊಂಡದ್ದು ಮಾಹಿತಿಯ ಈ ಅಸಮಾನತೆಯ ಕುರಿತ ಕೆಲಸಕ್ಕೆ. ಈ ಕೇಡಿಗೆ ಮಾರುಕಟ್ಟೆಯೇ ಕಂಡುಕೊಂಡ ಪರಿಹಾರಗಳಲ್ಲಿ ಒಂದು ವಾರಂಟಿ ಎಂದು ಆ ಪ್ರಬಂಧ ಗುರುತಿಸುತ್ತದೆ. ತನ್ನ ಸರಕಿನ ಮೇಲೆ ವಿಶ್ವಾಸವಿರುವವನು ದೀರ್ಘ ವಾರಂಟಿ ಕೊಡುತ್ತಾನೆ, ಇಲ್ಲದವನು ಹಿಂಜರಿಯುತ್ತಾನೆ. ಎಕ್ಸ್‌ಬಾಕ್ಸ್ 360ಕ್ಕೆ ಅಮೆರಿಕದಲ್ಲಿ ಆರಂಭದಲ್ಲಿ ಕೊಟ್ಟ ವಾರಂಟಿ ಕೇವಲ 90 ದಿನ. 2006ರ ಡಿಸೆಂಬರಿನಲ್ಲಿ ಅದು ಒಂದು ವರ್ಷವಾಯಿತು, 2007ರ ಜುಲೈಯಲ್ಲಿ ಆ ನಿರ್ದಿಷ್ಟ ದೋಷಕ್ಕೆ ಮೂರು ವರ್ಷವಾಯಿತು. ಮುನ್ನೂರು, ನಾಲ್ಕುನೂರು ಡಾಲರಿನ ಯಂತ್ರಕ್ಕೆ ಮೂರು ತಿಂಗಳ ವಾರಂಟಿ ಎಂದಾಗಲೇ ಕೊಳ್ಳುವವರು ಎಚ್ಚರಗೊಳ್ಳಬಹುದಿತ್ತು. ಆದರೆ ಹೊಸ ಆಟದ ಆಕರ್ಷಣೆಯ ಎದುರು ಸಣ್ಣಕ್ಷರದ ಕರಾರನ್ನು ಓದುವವರು ಯಾವ ದೇಶದಲ್ಲೂ ವಿರಳ.

ಆ ನಡುವಿನ ಕಾಲದಲ್ಲಿ, ಅಂದರೆ 90 ದಿನ ಮುಗಿದು ಮೂರು ವರ್ಷದ ಭರವಸೆ ಇನ್ನೂ ಸಿಗದಿದ್ದಾಗ, ಜನ ಏನೇನು ಮಾಡಿದರು ಎಂಬುದು ಕುತೂಹಲಕರ. ಕೆಲವರು ಕೆಟ್ಟ ಯಂತ್ರವನ್ನು ದಪ್ಪ ಟವೆಲ್ಲುಗಳಲ್ಲಿ ಸುತ್ತಿ ಹಾಗೆಯೇ ಚಾಲೂ ಮಾಡಿ ಬಿಡುತ್ತಿದ್ದರು. ಒಳಗಿನ ಬಿಸಿ ಏರಿ ಬಿರುಕು ಬಿಟ್ಟ ಬೆಸುಗೆ ಮತ್ತೆ ತಾಗಿಕೊಂಡು ಯಂತ್ರ ಕೆಲವು ಕಾಲ ನಡೆಯುತ್ತಿತ್ತು, ಆಮೇಲೆ ಶಾಶ್ವತವಾಗಿ ನಿಲ್ಲುತ್ತಿತ್ತು. ಬಿಸಿಯಿಂದ ಕೆಟ್ಟದ್ದನ್ನು ಇನ್ನಷ್ಟು ಬಿಸಿಯಿಂದ ಬದುಕಿಸುವ ಈ ಚಿಕಿತ್ಸೆ ಅಪಾಯಕಾರಿಯೂ ಹೌದು. ಇನ್ನು ಕೆಲವರು ಚಿಪ್ಪಿನ ಮೇಲೆ ಹೀಟ್‌ಸಿಂಕ್ ಒತ್ತಿ ಹಿಡಿಯುವ ಕತ್ತರಿಯಾಕಾರದ ಪಟ್ಟಿಯನ್ನು ತೆಗೆದು, ಅದರ ಜಾಗಕ್ಕೆ ಬೋಲ್ಟು, ವಾಷರ್ ಹಾಕಿ ಬಿಗಿದರು. ಹಣವೂ ಕೈಚಳಕವೂ ಇದ್ದವರು ನೀರು ಹರಿಸಿದರು. ಈ ಮೂರೂ ಬಗೆಯವರಲ್ಲಿ ಸಮಾನವಾದ ಅಂಶವೊಂದಿದೆ. ತಯಾರಕ ಉಳಿಸಿಕೊಂಡ ಖರ್ಚನ್ನು ಇವರು ತಮ್ಮ ಜೇಬಿನಿಂದ, ತಮ್ಮ ಸಮಯದಿಂದ ಭರಿಸಿದರು. ಅಷ್ಟು ಮಾಡಿದ್ದಕ್ಕೆ ದೊರೆತ ಪ್ರತಿಫಲವೆಂದರೆ, ಮುಚ್ಚಳ ತೆರೆದ ಕ್ಷಣಕ್ಕೇ ಅಳಿದುಳಿದ ವಾರಂಟಿಯೂ ರದ್ದು ಎಂಬ ಎಚ್ಚರಿಕೆ.

ತಯಾರಕರ ಪರವಾಗಿಯೂ ಹೇಳಬೇಕಾದ ಮಾತಿದೆ. ಈ ಪೆಟ್ಟಿಗೆಗಳನ್ನು ಅವರು ಲಾಭಕ್ಕೆ ಮಾರುತ್ತಾರೆಂದು ತಿಳಿಯಬೇಕಾಗಿಲ್ಲ. ಪ್ರತಿ ಎಕ್ಸ್‌ಬಾಕ್ಸ್ ಕನ್ಸೋಲ್ ಮೇಲೆ ತಾವು 100ರಿಂದ 200 ಡಾಲರ್‌ವರೆಗೆ ನಷ್ಟ ಭರಿಸುತ್ತಿರುವುದಾಗಿ ಅದರ ಮುಖ್ಯಸ್ಥ ಫಿಲ್ ಸ್ಪೆನ್ಸರ್ 2022ರ ಅಕ್ಟೋಬರಿನಲ್ಲಿ ಬಹಿರಂಗವಾಗಿಯೇ ಹೇಳಿದರು. ಪೆಟ್ಟಿಗೆ ಅಗ್ಗ, ಆಮೇಲೆ ಕೊಳ್ಳುವ ಆಟಗಳ ಮೇಲೆ ಸಂಪಾದನೆ ಎಂಬುದು ಈ ಉದ್ಯಮದ ಲೆಕ್ಕ. ರೇಜರ್ ಅಗ್ಗಕ್ಕೆ ಕೊಟ್ಟು ಬ್ಲೇಡಿನಲ್ಲಿ ಗಳಿಸುವ ಹಳೆಯ ಉಪಾಯವಿದು. ಇಂತಹ ಲೆಕ್ಕದಲ್ಲಿ ಪೆಟ್ಟಿಗೆಯ ಮೇಲೆ ಉಳಿಸುವ ಪ್ರತಿ ಡಾಲರೂ ಮುಖ್ಯವಾಗುತ್ತದೆ. ಫ್ಯಾನು, ತಾಮ್ರ, ಹೀಟ್‌ಸಿಂಕ್‌ಗಳ ಮೇಲೆ ಕತ್ತರಿ ಬೀಳುವ ಪ್ರಲೋಭನೆ ಸಹಜ. ಅಗ್ಗದ ಬೆಲೆಯ ಲಾಭವನ್ನು ಗ್ರಾಹಕನೂ ಪಡೆದಿದ್ದಾನೆ ಎಂಬುದು ನಿಜ. ಆದರೆ ರಿಯಾಯಿತಿ ಪಡೆದವನು ತನ್ನ ಸ್ವತ್ತಿನ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟಿದ್ದಾನೆಂಬ ವಾದವನ್ನು ಒಪ್ಪುವುದು ಕಷ್ಟ. ಅಂಗಡಿಯಲ್ಲಿ ಕೊಡುವ ರಸೀದಿಯ ಮೇಲೆ ಬಾಡಿಗೆ ಎಂದು ಬರೆದಿರುವುದಿಲ್ಲ, ಮಾರಾಟ ಎಂದೇ ಬರೆದಿರುತ್ತದೆ.

ಓದುಗರು ಈ ಲೇಖನವನ್ನು ನೀರಿನ ಪರವಾದ ಪ್ರಚಾರವೆಂದು ತಿಳಿಯಬಾರದು. ನಮ್ಮ ಬಡಾವಣೆಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ತನ್ನ ಹಳೆಯ ಕನ್ಸೋಲ್‌ಗೆ ಇಂತಹ ವ್ಯವಸ್ಥೆ ಅಳವಡಿಸಲು ಹೊರಟಾಗ ನಾನು ಕುತೂಹಲದಿಂದ ನೋಡುತ್ತ ಕುಳಿತಿದ್ದೆ. ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿ ತಂದ ಬಿಡಿಭಾಗಗಳನ್ನು ಪೆಟ್ಟಿಗೆಯ ಹೊರಗೇ ಜೋಡಿಸಿ, ಒಂದು ಇಡೀ ದಿನ ಬರಿಯ ನೀರು ಹರಿಸಿ, ಕೀಲುಗಳ ಕೆಳಗೆ ಕಾಗದ ಹಾಸಿ ಅದು ಒದ್ದೆಯಾಗುತ್ತದೆಯೇ ಎಂದು ಆತ ಪರೀಕ್ಷಿಸಿದ ರೀತಿ ನಮ್ಮ ಎಷ್ಟೋ ಲೋಕೋಪಯೋಗಿ ಕಾಮಗಾರಿಗಳಿಗೆ ಮಾದರಿಯಾಗುವಂತಿತ್ತು. ನಲ್ಲಿಯ ನೀರು ಬಳಸುವಂತಿಲ್ಲ, ಅದರ ಲವಣ ಸಣ್ಣ ಕಾಲುವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಬಟ್ಟಿಯಿಳಿಸಿದ ನೀರೇ ಆಗಬೇಕು, ಅದಕ್ಕೂ ಪಾಚಿ ಕಟ್ಟದಂತೆ ಔಷಧ ಬೆರೆಸಬೇಕು. ಒಂದೇ ಸರಣಿಯಲ್ಲಿ ತಾಮ್ರದ ಬಿಲ್ಲೆ, ಅಲ್ಯೂಮಿನಿಯಂ ರೇಡಿಯೇಟರ್ ಎರಡನ್ನೂ ಹಾಕಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಇನ್ನೂ ತಂಪು ಬೇಕೆಂದು ಮಂಜುಗಡ್ಡೆ ಹಾಕಿದರೆ ಮಂಗಳೂರಿನಂತಹ ಊರಿನ ತೇವದಲ್ಲಿ ನಳಿಕೆಯ ಹೊರಮೈಯಲ್ಲಿ ಹನಿ ಕಟ್ಟಿ ಅದೇ ಯಂತ್ರವನ್ನು ಕೊಲ್ಲುತ್ತದೆ. ಇಷ್ಟೆಲ್ಲದರ ನಂತರವೂ ಪಂಪ್ ನಿಂತರೆ ಗತಿಯೇನು? ಹತ್ತರಲ್ಲಿ ಒಂಬತ್ತು ಮನೆಗಳಿಗೆ ಬೇಕಾಗಿರುವುದು ಇದಲ್ಲ ಎಂಬುದು ನನ್ನ ಅಭಿಪ್ರಾಯ. ಮುಚ್ಚಳ ತೆರೆದು ಧೂಳು ಕೊಡವಿ, ಒಣಗಿಹೋದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಬಹುಪಾಲು ಪೆಟ್ಟಿಗೆಗಳು ಸಮಾಧಾನವಾಗಿ ಉಸಿರಾಡುತ್ತವೆ. ಆದರೆ ಈ ಬಡ ಚಿಕಿತ್ಸೆಗೂ ಮುಚ್ಚಳ ತೆರೆಯಲೇಬೇಕು.

ತಯಾರಕರಿಗೆ ದ್ರವದ ಮಹಿಮೆ ತಿಳಿದಿಲ್ಲವೆಂದಲ್ಲ. 1985ರ ಕ್ರೇ-2 ಸೂಪರ್ ಕಂಪ್ಯೂಟರಿನ ಫಲಕಗಳು ವಿದ್ಯುತ್ ಹರಿಯದ ವಿಶೇಷ ದ್ರವದಲ್ಲಿ ಮುಳುಗಿಯೇ ಕೆಲಸ ಮಾಡುತ್ತಿದ್ದವು. 2004ರಲ್ಲಿ ಆಪಲ್ ಸಂಸ್ಥೆ ತನ್ನ ಪವರ್ ಮ್ಯಾಕ್ ಜಿ5 ಗಣಕಯಂತ್ರದ ಒಂದು ಮಾದರಿಗೆ ದ್ರವದ ವ್ಯವಸ್ಥೆಯನ್ನೇ ಅಳವಡಿಸಿತ್ತು. ಕೆಲವು ವರ್ಷಗಳ ನಂತರ ಅವು ಸೋರಿದ್ದೂ ಉಂಟು. ಪ್ಲೇಸ್ಟೇಷನ್ 5ರಲ್ಲಿ ಚಿಪ್ಪಿಗೂ ಹೀಟ್‌ಸಿಂಕ್‌ಗೂ ನಡುವೆ ಮಾಮೂಲಿ ಪೇಸ್ಟಿನ ಬದಲು ದ್ರವ ಲೋಹವನ್ನು ಬಳಸಲಾಗಿದೆ. ಅದರ ಸಿದ್ಧತೆಗೆ ಎರಡು ವರ್ಷಕ್ಕೂ ಹೆಚ್ಚು ಸಮಯ ಹಿಡಿಯಿತೆಂದು ಸೋನಿ 2020ರ ಅಕ್ಟೋಬರಿನಲ್ಲಿ ಪೆಟ್ಟಿಗೆಯನ್ನು ತಾನೇ ಬಿಚ್ಚಿ ತೋರಿಸಿದ ಚಿತ್ರದಲ್ಲಿ ಹೇಳಿಕೊಂಡಿತು. ಒಬ್ಬ ತಯಾರಕ ಲೋಕದ ಮುಂದೆ ಸ್ಕ್ರೂ ಬಿಚ್ಚಿ ತೋರಿಸುವುದು ಜಾಹೀರಾತು, ಅದನ್ನೇ ಮಾಲೀಕ ತನ್ನ ಮನೆಯಲ್ಲಿ ಮಾಡಿದರೆ ಕರಾರಿನ ಉಲ್ಲಂಘನೆ!

ಈ ವಿಷಯದಲ್ಲಿ ನಮ್ಮ ನಾಡಿಗೆ ನೇರವಾಗಿ ತಟ್ಟುವ ಅಂಶವೊಂದಿದೆ. ಪ್ಲೇಸ್ಟೇಷನ್ 5ರ ಕೈಪಿಡಿಯಲ್ಲಿ ಯಂತ್ರ ಕೆಲಸ ಮಾಡಬೇಕಾದ ಉಷ್ಣತೆಯ ಮಿತಿಯನ್ನು 5ರಿಂದ 35 ಡಿಗ್ರಿ ಸೆಲ್ಸಿಯಸ್ ಎಂದು ಮುದ್ರಿಸಲಾಗಿದೆ. ಟೋಕಿಯೊ ಅಥವಾ ಸಿಯಾಟಲ್‌ನ ಕೋಣೆಗೆ ಇದು ಉದಾರವಾದ ಮಿತಿಯೇ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳ ಹಗಲಿನ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಬಿಸಿಲಿಗೆ ಕಾದ ಆರ್‌ಸಿಸಿ ಛಾವಣಿಯ ಕೆಳಗಿನ ಕೋಣೆ ಎ.ಸಿ. ಇಲ್ಲದೆ 35ಕ್ಕಿಂತ ಕೆಳಗಿಳಿಯುವುದು ಕಷ್ಟ. ಅಂದರೆ ಅಲ್ಲಿನ ಕುಟುಂಬವೊಂದು ಪೂರ್ತಿ ಬೆಲೆ ಕೊಟ್ಟು ಕೊಂಡ ಯಂತ್ರವನ್ನು, ಮಕ್ಕಳಿಗೆ ಬೇಸಿಗೆ ರಜೆ ಇರುವ ತಿಂಗಳುಗಳಲ್ಲಿಯೇ, ತಯಾರಕನ ಲಿಖಿತ ಮಿತಿಯ ಆಚೆಗೆ ಬಳಸಬೇಕಾಗುತ್ತದೆ. ಬೆಲೆ ನಿಗದಿಪಡಿಸುವಾಗ ಭಾರತದ ಸುಂಕ, ಭಾರತದ ವಿನಿಮಯ ದರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಭಾರತದ ಬಿಸಿಲು ಮಾತ್ರ ಬರುವುದಿಲ್ಲ.

ಇದು ಆಟದ ಪೆಟ್ಟಿಗೆಗೆ ಸೀಮಿತವಾದ ಸಂಗತಿಯಲ್ಲ. ನಾನು ಸೇವೆಯಲ್ಲಿದ್ದಾಗ, ಬಯಲುಸೀಮೆಯ ಕಚೇರಿಯೊಂದಕ್ಕೆ ಬಂದ ಗಣಕಯಂತ್ರಗಳು ಮಾರ್ಚ್ ಕಳೆಯುತ್ತಿದ್ದಂತೆ ಒಂದೊಂದಾಗಿ ತಾವಾಗಿಯೇ ನಿಲ್ಲತೊಡಗಿದವು. ಗಾಳಿಯ ಜಾಲರಿಯಲ್ಲಿ ಕೆಂಪು ಧೂಳು ದಪ್ಪನಾಗಿ ಕೂತದ್ದು ಹೊರಗಿನಿಂದಲೇ ಕಾಣುತ್ತಿತ್ತು. ಆದರೆ ಪ್ರತಿಯೊಂದರ ಹಿಂದೆಯೂ, ಮುದ್ರೆ ಒಡೆದರೆ ವಾರಂಟಿ ಇಲ್ಲ ಎಂಬ ಚೀಟಿ ಅಂಟಿಸಲಾಗಿತ್ತು. ಸರಬರಾಜುದಾರರ ತಂತ್ರಜ್ಞ ಬರಲು ಮೂರು ವಾರ ಹಿಡಿಯಿತು. ಅಷ್ಟು ದಿನ ಗುಮಾಸ್ತರು ಪಹಣಿಗಳನ್ನು ಕೈಯಲ್ಲಿ ಬರೆದರು, ಸಾಲು ನಿಂತ ರೈತರು ನಾಳೆ ಬರುತ್ತೇವೆಂದು ಹಿಂತಿರುಗಿದರು. ತಂತ್ರಜ್ಞ ಬಂದು ಮಾಡಿದ್ದು ಬ್ರಷ್ಷಿನಿಂದ ಧೂಳು ಗುಡಿಸಿದ್ದು ಮಾತ್ರ. ಆ ಕೆಲಸವನ್ನು ನಮ್ಮ ಕಚೇರಿಯ ಅಟೆಂಡರ್ ಹದಿನೈದು ನಿಮಿಷದಲ್ಲಿ ಮಾಡಿ ಮುಗಿಸುತ್ತಿದ್ದ. ಐದು ಪೈಸೆಯ ಚೀಟಿಗೆ ಇರುವ ಅಧಿಕಾರ ಎಷ್ಟೆಂಬುದು ಅಂದು ಚೆನ್ನಾಗಿ ಮನವರಿಕೆಯಾಯಿತು.

ಕುತೂಹಲದ ಸಂಗತಿಯೆಂದರೆ, ಈ ಚೀಟಿಗೆ ಅದರ ತವರಾದ ಅಮೆರಿಕದಲ್ಲಿಯೇ ಕಾನೂನಿನ ಬಲವಿಲ್ಲ. ಅಲ್ಲಿನ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ, ಇಂಥವರಿಂದಲೇ ದುರಸ್ತಿ ಮಾಡಿಸಬೇಕು, ಇಂಥ ಬಿಡಿಭಾಗವನ್ನೇ ಹಾಕಬೇಕು ಎಂದು ವಾರಂಟಿಗೆ ಷರತ್ತು ಹಾಕುವಂತಿಲ್ಲ. ಗ್ರಾಹಕ ಮಾಡಿದ ಬದಲಾವಣೆಯಿಂದಲೇ ಯಂತ್ರ ಕೆಟ್ಟಿತೆಂದು ತೋರಿಸಿದರೆ ಕಂಪನಿ ವಾರಂಟಿ ನಿರಾಕರಿಸಬಹುದು, ಬರಿದೇ ತೆರೆದನೆಂಬ ಕಾರಣಕ್ಕೆ ಅಲ್ಲ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2018ರ ಏಪ್ರಿಲ್‌ನಲ್ಲಿ ಆರು ಕಂಪನಿಗಳಿಗೆ ಈ ಸಂಬಂಧ ಎಚ್ಚರಿಕೆಯ ಪತ್ರ ಬರೆಯಿತು. ಆ ಆರರಲ್ಲಿ ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೊ ಮೂರೂ ಇದ್ದವು. ಕನ್ಸೋಲ್ ಉದ್ಯಮವೆಂದರೆ ಬಹುಮಟ್ಟಿಗೆ ಈ ಮೂರೇ ಕಂಪನಿಗಳು.

ಇಷ್ಟಾದರೂ ಉದ್ಯಮದ ಪ್ರಭಾವ ಕುಗ್ಗಿದೆ ಎನ್ನುವಂತಿಲ್ಲ. ಮಿನ್ನೆಸೋಟ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳು 2023ರಲ್ಲಿ ದುರಸ್ತಿಯ ಹಕ್ಕಿನ ಕಾಯ್ದೆಗಳನ್ನು ಅಂಗೀಕರಿಸಿದವು. ಬಿಡಿಭಾಗ, ಉಪಕರಣ, ಕೈಪಿಡಿಗಳನ್ನು ಗ್ರಾಹಕನಿಗೂ ಹೊರಗಿನ ದುರಸ್ತಿಗಾರನಿಗೂ ತಯಾರಕರು ಒದಗಿಸಬೇಕೆಂಬುದು ಅವುಗಳ ತಿರುಳು. ಎರಡೂ 2024ರ ಜುಲೈ 1ರಂದು ಜಾರಿಗೆ ಬಂದವು. ಎರಡರಲ್ಲಿಯೂ ವಿಡಿಯೊ ಗೇಮ್ ಕನ್ಸೋಲ್‌ಗಳಿಗೆ ವಿನಾಯಿತಿ ನೀಡಲಾಗಿದೆ. ಮೊಬೈಲ್ ಫೋನಿಗೆ ಅನ್ವಯಿಸುವ ನ್ಯಾಯ ಆಟದ ಪೆಟ್ಟಿಗೆಗೆ ಅನ್ವಯಿಸದು! ಕಾರಣವಾಗಿ ಉದ್ಯಮ ಮುಂದಿಡುವುದು ಪೈರಸಿಯ ಭೀತಿಯನ್ನು. ಒಳಗಿನ ಭಾಗಗಳು ಕೈಗೆ ಸಿಕ್ಕರೆ ಬೀಗ ಮುರಿದು ಕದ್ದ ಆಟಗಳನ್ನು ಆಡಿಸುತ್ತಾರೆ ಎಂಬುದು ಅವರ ವಾದ.

ಈ ಭೀತಿಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಪೆಟ್ಟಿಗೆಯನ್ನು ನಷ್ಟಕ್ಕೆ ಮಾರಿ ಆಟದಲ್ಲಿ ಗಳಿಸುವವನಿಗೆ ಕದ್ದ ಆಟವೆಂದರೆ ಬೇರಿಗೇ ಕೊಡಲಿ. ಕನ್ಸೋಲಿನ ಡಿಸ್ಕ್ ಡ್ರೈವ್ ಮತ್ತು ಮುಖ್ಯ ಫಲಕದ ನಡುವೆ ಗುಪ್ತ ಸಂಕೇತದ ಬೀಗವಿರುವುದು ಇದಕ್ಕಾಗಿಯೇ. ಅಮೆರಿಕದ ಹಕ್ಕುಸ್ವಾಮ್ಯ ಕಚೇರಿ ಈ ತೊಡಕನ್ನು ಬಿಡಿಸಲು ಪ್ರಯತ್ನಿಸಿದ ರೀತಿ ಗಮನಾರ್ಹ. ಕೆಟ್ಟ ಡಿಸ್ಕ್ ಡ್ರೈವ್ ಬದಲಾಯಿಸುವ ಉದ್ದೇಶಕ್ಕೆ ಮಾತ್ರ ಆ ಬೀಗ ತೆರೆಯಬಹುದು, ಕೆಲಸ ಮುಗಿದ ಮೇಲೆ ಬೀಗವನ್ನು ಮರಳಿ ಹಾಕಬೇಕು ಎಂಬ ಷರತ್ತಿನ ವಿನಾಯಿತಿ 2021ರಲ್ಲಿ ದೊರೆಯಿತು. ಹಾಗಿರುವಾಗ ಫ್ಯಾನು, ಹೀಟ್‌ಸಿಂಕ್, ಥರ್ಮಲ್ ಪೇಸ್ಟ್, ನೀರಿನ ನಳಿಕೆಗಳ ಮಾತೇನು? ಇವುಗಳಲ್ಲಿ ಯಾವುದಕ್ಕೂ ಗುಪ್ತ ಸಂಕೇತದ ಸಂಬಂಧವಿಲ್ಲ. ತಾಮ್ರದ ಬಿಲ್ಲೆಯಿಂದ ಯಾರೂ ಆಟ ಕದ್ದದ್ದಿಲ್ಲ. ಕಳ್ಳನಿಗೆಂದು ಹಾಕಿದ ಬೇಲಿಯೊಳಗೆ ಧೂಳು ಗುಡಿಸುವವನನ್ನೂ ತಡೆದು ನಿಲ್ಲಿಸಲಾಗಿದೆ.

ನಮ್ಮಲ್ಲಿನ ಸ್ಥಿತಿ ಏನು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವನ್ನು ತಂದಿತು. ದೋಷಯುಕ್ತ ಸರಕಿನಿಂದ ಹಾನಿಯಾದರೆ ತಯಾರಕ, ಮಾರಾಟಗಾರರ ಮೇಲೆ ದಾವೆ ಹೂಡಬಹುದು. ಸ್ವಾಗತಾರ್ಹವೇ. ಆದರೆ ಅದೇ ಕಾಯ್ದೆಯ 87ನೇ ಕಲಂನ ಮೊದಲ ಉಪಕಲಂ ಓದಿದರೆ, ಹಾನಿಯ ಸಮಯದಲ್ಲಿ ಉತ್ಪನ್ನವನ್ನು ದುರ್ಬಳಕೆ ಮಾಡಿದ್ದರೆ, ಬದಲಿಸಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರನ ವಿರುದ್ಧ ಅಂತಹ ದಾವೆ ನಿಲ್ಲದು. ಆ ಬದಲಾವಣೆಯಿಂದಲೇ ಹಾನಿಯಾಗಿರಬೇಕೆಂಬ ಮಾತು ಅಲ್ಲಿಲ್ಲ. ಕಡತಗಳೊಂದಿಗೆ ಮೂರು ದಶಕ ಕಳೆದ ನನ್ನಂಥವರಿಗೆ ಕಾನೂನಿನಲ್ಲಿ ಇರುವ ಪದಕ್ಕಿಂತ ಇಲ್ಲದ ಪದವೇ ಹೆಚ್ಚು ಭಯ ಹುಟ್ಟಿಸುತ್ತದೆ. ಫ್ಯಾನ್ ಬದಲಿಸಿದವನ ಯಂತ್ರದ ವಿದ್ಯುತ್ ತಂತಿಯಲ್ಲಿ ಮೂಲದಿಂದಲೇ ದೋಷವಿದ್ದು ಅಪಾಯವಾದರೆ, ಮಾರಾಟಗಾರ ಫ್ಯಾನಿನ ಕಡೆ ಬೆರಳು ತೋರಿಸಿ ಪಾರಾಗಲು ಪ್ರಯತ್ನಿಸಬಹುದು.

ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. 2022ರ ಜುಲೈಯಲ್ಲಿ ನಿಧಿ ಖರೆ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತುಗಳು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಲಾಯಿತು. ಅದೇ ಡಿಸೆಂಬರಿನಲ್ಲಿ ಕಂಪನಿಗಳು ದುರಸ್ತಿಯ ಮಾಹಿತಿ ಹಾಕುವ ಪೋರ್ಟಲ್ ಆರಂಭವಾಯಿತು. ವಸ್ತುಗಳು ಎಷ್ಟು ಸುಲಭವಾಗಿ ದುರಸ್ತಿಯಾಗಬಲ್ಲವು ಎಂಬುದಕ್ಕೆ ಸೂಚ್ಯಂಕ ರೂಪಿಸಲು ನೇಮಕವಾದ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಮೊದಲ ಹಂತದಲ್ಲಿ ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್‌ಗಳಿಗೆ ಆದ್ಯತೆ. ಇವೆಲ್ಲ ಸರಿಯಾದ ದಿಕ್ಕಿನಲ್ಲಿ ಇಟ್ಟ ಹೆಜ್ಜೆಗಳೇ. ಆದರೆ ಪೋರ್ಟಲ್ ಎಂಬುದು ಮಾಹಿತಿಯ ಫಲಕ, ಕಾನೂನಲ್ಲ. ಸೂಚ್ಯಂಕವೂ ಕೊಳ್ಳುವವನ ಕಣ್ಣು ತೆರೆಸಬಹುದು, ಕೊಂಡ ಮೇಲೆ ಅವನ ಕೈಗೆ ಸ್ಕ್ರೂಡ್ರೈವರ್ ಕೊಡದು. ಕನ್ಸೋಲ್‌ನ ಸರದಿ ಎಂದಾದರೂ ಬಂದಾಗ ಮಿನ್ನೆಸೋಟದ ವಿನಾಯಿತಿಯನ್ನು ಇಲ್ಲಿಯೂ ಹಾಗೆಯೇ ನಕಲು ಮಾಡುವ ಒತ್ತಡ ಬರುವುದರಲ್ಲಿ ಸಂಶಯವಿಲ್ಲ. ಸಮಿತಿಯ ಸದಸ್ಯರು ಆ ಹೊತ್ತಿಗೆ ಬೀಗ ಬೇರೆ, ಬಿಸಿ ಬೇರೆ ಎಂಬ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಸರ್ಕಾರ ಮಾಡಬಹುದಾದದ್ದು ದುಬಾರಿಯೂ ಅಲ್ಲ, ಕ್ರಾಂತಿಕಾರಿಯೂ ಅಲ್ಲ. 87ನೇ ಕಲಂಗೆ, ಹಾನಿಗೆ ಆ ಬದಲಾವಣೆಯೇ ಕಾರಣವಾಗಿದ್ದಲ್ಲಿ ಎಂಬ ಒಂದು ಷರತ್ತು ಸೇರಿಸಿ, ಅದನ್ನು ಸಾಬೀತುಪಡಿಸುವ ಹೊಣೆಯನ್ನು ಮಾರಿದವನ ಮೇಲಿಡಬೇಕು. ವಾರಂಟಿಗೂ ಅದೇ ನಿಯಮ ಅನ್ವಯಿಸಬೇಕು. ನಳಿಕೆ ಸೋರಿ ಫಲಕ ಹಾಳಾದರೆ ನಷ್ಟ ನೀರು ಹರಿಸಿದವನದೇ. ಅದರಲ್ಲಿ ಯಾವ ಅನುಕಂಪವೂ ಬೇಡ. ಆದರೆ ಫ್ಯಾನ್ ಒರೆಸಿದ ಕಾರಣಕ್ಕೆ ಡಿಸ್ಕ್ ಡ್ರೈವ್‌ನ ವಾರಂಟಿ ಹೋಗಬಾರದು. ಇನ್ನೊಂದು, ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ತುರ್ತಾದದ್ದು, ಆ 35 ಡಿಗ್ರಿಯ ವಿಷಯ. ಕೈಪಿಡಿಯ ಒಳಪುಟದಲ್ಲಿರುವ ಆ ಸಂಖ್ಯೆ ಕೊಳ್ಳುವ ಮೊದಲೇ ಕಣ್ಣಿಗೆ ಬೀಳಬೇಕು. ಪೊಟ್ಟಣದ ಮೇಲೆ ತಯಾರಕನ ಅಥವಾ ಆಮದುದಾರನ ಹೆಸರು, ಗರಿಷ್ಠ ಮಾರಾಟ ಬೆಲೆ, ದೂರಿಗೆ ಸಂಪರ್ಕಿಸಬೇಕಾದ ವಿಳಾಸ ಮುದ್ರಿಸಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಈಗಾಗಲೇ ವಿಧಿಸುತ್ತವೆ. ಆ ವಿಳಾಸದ ಪಕ್ಕದಲ್ಲಿಯೇ, ಯಂತ್ರ ಎಷ್ಟು ಡಿಗ್ರಿಯವರೆಗಿನ ಕೋಣೆಗೆ ತಯಾರಾಗಿದೆ ಎಂಬ ಒಂದು ಸಾಲಿಗೂ ಜಾಗವಿದೆ. ರಾಯಚೂರಿನಲ್ಲಿ ಮಾರುವ ಪೆಟ್ಟಿಗೆಯ ಮೇಲೆ ಅದು ಕನ್ನಡದಲ್ಲಿರಲಿ.